ಹೊಗೆ ಕಂಡು ನಕ್ಕ ಅಧ್ಯಕ್ಷರು

ವಿಯೆಟ್ನಾಂ

ಚೌಡಮ್ಮಕ್ಕನಿಗೆ,

ಇಲ್ಲಿನ ತೆಂಗಿನ ಪೌಡರ್ ಫ್ಯಾಕ್ಟರಿಯಲ್ಲಿ ತುರಿ ಒಣಗಿಸಲು ಕರೆಂಟ್ ಸುಡುವುದಿಲ್ಲ, ತಮ್ಮದೇ ಕಾಯಿಚಿಪ್ಪು ಉರಿಸುತ್ತಾರೆ. ಅದಕ್ಕೇ ಇವರ ಮಾಲು ನಮ್ಮದಕ್ಕಿಂತ ಅಗ್ಗ. ಊರಲ್ಲಿ ನಮಗೆಲ್ಲ ಕರೆಂಟ್ ಡ್ರೈಯರ್ ಹಾಕಿಸಿ, ಈಗ ಈ ಪ್ರವಾಸಕ್ಕೂ ಕರೆತಂದ ನಮ್ಮ ಪೌಡರ್ ತಯಾರಕರ ಸಂಘದ ಅಧ್ಯಕ್ಷ ಹನುಮಂತರಾಜು, "ಹಿಂದುಳಿದ ಜನ ಕಣ್ರೀ, ಇನ್ನೂ ಹೊಗೆ ಎಬ್ಬಿಸ್ತಾವ್ರೆ" ಎಂದು ನಕ್ಕರು. ಹೋದ ವರ್ಷದವರೆಗೆ ನಮ್ಮ ತಿಪಟೂರಿನಿಂದ ಪೌಡರ್ ಕೊಳ್ಳುತ್ತಿದ್ದ ದುಬೈ ವ್ಯಾಪಾರಿ ನಮ್ಮೆದುರಿಗೇ ಈ ಫ್ಯಾಕ್ಟರಿಯವರಿಗೆ ಆರ್ಡರ್ ಕೊಟ್ಟ.

"ನಮ್ದು ಕ್ವಾಲಿಟಿ ಮಾಲು" ಎಂದರು ಅಧ್ಯಕ್ಷರು.

"ಇರಬಹುದು. ನಿಮ್ಮ ಕರೆಂಟ್ ಬಿಲ್ ನಾನೇಕೆ ಕಟ್ಟಲಿ?" ಎಂದ ಅವನು.

ಅಷ್ಟಾದರೂ ಈ ಮಹಾನುಭಾವರು ಅವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು.

ನನ್ನ ಹೊಟ್ಟೆನೋವು ವಾಸಿ. ಚಿಪ್ಪು ಕೊಳ್ಳುವ ಇದ್ದಿಲಿನವನು ಬಂದರೆ ಇನ್ನು ಕೊಡಬೇಡ. ಮೊದಲು ತುರಿ ಒಣಗಿಸುತ್ತಿದ್ದ ಹಿತ್ತಲಿನ ಹಳೇ ಒಲೆ ಒಡೆಸುವುದನ್ನು ಇವತ್ತೇ ನಿಲ್ಲಿಸು. ಬಸ್ಸು ಹೊರಟಿತು.

ನಿನ್ನ ತಮ್ಮ,
ಲಿಂಗಣ್ಣ