ದಿಂಬಿನ ಕೆಳಗಿನ ಚೀಟಿ

ಮಾರ್ಚ್ ೩, ಸೋಮವಾರ

ಪ್ರೀತಿಯ ಅಕ್ಕ,

ಒಂದು ಮಾತನ್ನು ಬರೆಯದೇ ಬಿಡೋಣವೆಂದಿದ್ದೆ. ಅದನ್ನು ಬಿಟ್ಟು ಬರೆದ ಎರಡು ಕಾಗದಗಳನ್ನು ಹರಿದು ಹಾಕಿದೆ. ತಡವಾದದ್ದು ಅದಕ್ಕೇ, ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಈಗ ನಿನ್ನ ಮನೆಯಲ್ಲಿದ್ದಾಳೆ, ನಿನ್ನ ಫೋನಿಗೆ ಅವಳದೂ ಒಂದು ಕಿವಿ. ಹಾಗಾಗಿ ನೀನು ಪಾಠ ಮಾಡುವ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ಇವತ್ತಿನ ಸ್ಕ್ಯಾನಿನಲ್ಲಿ ನನ್ನ ಕಾಲಿನ ಹೆಪ್ಪು ಪೂರ್ತಿ ಕರಗಿದೆ! "ಇನ್ನು ಭಯ ಬೇಡ. ಮಾತ್ರೆ ಮಾತ್ರ ನಾನು ಹೇಳೋವರೆಗೂ ನಿಲ್ಲಿಸ್ಬೇಡಿ" ಎಂದರು ಡಾಕ್ಟರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಒಬ್ಬಳೇ ನಕ್ಕೆ. ಸೆಕ್ಯುರಿಟಿಯವರು ನೀರು ತಂದುಕೊಟ್ಟರು.

ಕಾಲಿನ ಉಬ್ಬಿದ ರಕ್ತನಾಳದೊಳಗೆ ವೈದ್ಯಕೀಯ ಗೋಂದು ಹಾಕಿ ಮುಚ್ಚಿದ ದಿನವೇ ಡಾಕ್ಟರು "ಗಂಟೆಗೊಮ್ಮೆ ಎದ್ದು ಓಡಾಡಿ" ಎಂದು ಚೀಟಿ ಬರೆದುಕೊಟ್ಟಿದ್ದರು. ಅಮ್ಮನಿಗೆ ಆಪರೇಷನ್ ಎಂದರೆ ಹಾಸಿಗೆ. ನಾನು ಕಾಲು ಕೆಳಗಿಟ್ಟರೆ ಸಾಕು, "ಏಳ್ಬೇಡ ಕಣೇ! ಗೋಂದು ಒಣಗೋಕಾದ್ರೂ ಬಿಡು. ಅಂಟಿಸಿದ ಕಪ್ಪನ್ನ ತಕ್ಷಣ ಹಿಡಿ ಹಿಡ್ದು ಎತ್ತುತ್ತಾರಾ ಯಾರಾದ್ರೂ?" ಎನ್ನುತ್ತಿದ್ದಳು. ಕಾಲಡಿ ಎರಡು ದಿಂಬು, ಕೈಗೆ ಬಿಸಿ ಹಾಲು. ಐದು ದಿನ ಮಲಗಿದೆ. ಆರನೆಯ ದಿನ ಮೀನಖಂಡ ಕಲ್ಲಿನಂತಾಗಿ, ಪಾದ ಚಪ್ಪಲಿಗೆ ಹಿಡಿಸಲಿಲ್ಲ. ರಕ್ತ ಹೆಪ್ಪುಗಟ್ಟಿ ಒಳಗಿನ ದೊಡ್ಡ ನಾಳಕ್ಕೂ ಚಾಚಿತ್ತು. "ಓಡಾಡಿದ್ರೂ ಅಪರೂಪಕ್ಕೆ ಹೀಗಾಗತ್ತೆ. ಆದ್ರೆ ನೀವು ಮಲಗಿದ್ದು ತಪ್ಪು" ಎಂದರು ಡಾಕ್ಟರು. ಹದಿನೆಂಟು ವರ್ಷದಿಂದ ಔಷಧಿ ಅಂಗಡಿಯಲ್ಲಿ ನಿಂತು ಊರಿಗೆಲ್ಲ ಚೀಟಿ ಓದಿ ಹೇಳುವವಳು ನಾನು!

ಇದೇ ತಿಂಗಳ ಹದಿನೆಂಟನೇ ತಾರೀಕು ಇದೇ ಆಪರೇಷನ್ನಿಗೆ ನಿನ್ನ ಕಾಲಿನ ಸರದಿ. ಹೆದರಬೇಡ, ಮಾಡಿಸಿಕೋ. ಅಮ್ಮ ದಿಂಬು ತಂದರೆ ಅವಳ ಬೆನ್ನಿಗೇ ಒರಗಿಸಿ ನೀನು ಎದ್ದು ನಡೆ. ಊದಿಕೊಂಡರೆ, ನೋವು ಹೆಚ್ಚಾದರೆ ಅವತ್ತೇ ತೋರಿಸು. ನಿನ್ನ ಕಾಲು ಬೇಗ ಹಗುರವಾಗಲಿ, ಅಕ್ಕ.

ನಿನ್ನ ತಂಗಿ

ಬರೆಯದೇ ಬಿಡೋಣವೆಂದಿದ್ದ ಮಾತು ಇದು. ಆ ಚೀಟಿ ನನ್ನ ದಿಂಬಿನ ಕೆಳಗೇ ಇತ್ತು. ಓದಿ ಹೇಳಿದ್ದರೆ ಅಮ್ಮ ಕೇಳುತ್ತಿದ್ದಳು. ನಾನು ಎದ್ದು ಓಡಾಡಿದರೆ ಅವಳು ನಿನ್ನ ಮನೆಗೆ ಹೊರಡುತ್ತಾಳೆ ಎಂದು ಗೊತ್ತಿತ್ತು. ನಿನ್ನ ಪರೀಕ್ಷೆ, ನಿನ್ನ ಹೆರಿಗೆ ಎಂದು ಸದಾ ನಿನ್ನ ಕಡೆಗಿದ್ದವಳು ಆ ಐದು ದಿನ ನನ್ನ ಕಾಲ ಬಳಿ ಕೂತಿದ್ದಳು. ಡಾಕ್ಟರ ಮುಂದೆ ಅವಳು "ನಾನೇ ಮಲಗಿಸ್ದೆ" ಎಂದು ಅತ್ತಾಗಲೂ ನಾನು ಬಾಯಿ ಬಿಡಲಿಲ್ಲ. ಮೊದಲು ನೀನು ಓದಲಿ ಎಂದೇ ಶಾಲೆಗೆ ಕಳಿಸುತ್ತಿದ್ದೇನೆ; ಆಮೇಲೆ ಇದನ್ನು ಮನೆಗೆ ಒಯ್ದು ಅಮ್ಮನಿಗೂ ಓದಿ ಹೇಳು. ಅಂಚೆ ಡಬ್ಬಿಯವರೆಗೆ ನಾನೇ ನಡೆದುಹೋಗಿ ಹಾಕುತ್ತೇನೆ, ನಾಳೆ, ಮಾರ್ಚ್ ೪.