ಇಪ್ಪತ್ತು ಮರಿಗಳಿಗೆ ಒಂದೇ ಅಪ್ಪ

ಕೊಚ್ಕೋರ್,
ಅಕ್ಟೋಬರ್ 9

ಪ್ರೀತಿಯ ಜಿಪಾರ್ ಅಕ್ಕಾ,

ಚೆನ್ನಾಗಿದ್ದೀಯಾ? ಆ ಸಭೆ ಮುಗಿದು ಹದಿನೆಂಟು ದಿನವಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸು. ನೀನು ಫೋನ್ ಎತ್ತುವುದಿಲ್ಲ. ಮೂರು ಕಾಗದ ಹರಿದು ಹಾಕಿ ಇದನ್ನು ಬರೆದಿದ್ದೇನೆ. ಬಿಷ್ಕೆಕ್‌ಗೆ ವ್ಯಾನ್ ಓಡಿಸುವ ತುರಾರ್ ತಂದುಕೊಡುತ್ತಾನೆ.

ಅಮ್ಮ ಹುಷಾರಾಗಿದ್ದಾಳೆ. ಹಿಂಡುಗಳೆಲ್ಲ ಮೇಲಿನ ಹುಲ್ಲುಗಾವಲಿನಿಂದ ಇಳಿದಿವೆ. ನಾನು ತಲೆ ತಗ್ಗಿಸಿ ಓಡಾಡುತ್ತಿದ್ದರೆ ಸಬಿರ್‌ಕುಲ್ ಮಾವ ಎದೆಯುಬ್ಬಿಸಿಕೊಂಡಿದ್ದಾನೆ. "ನಿಮ್ಮವೆಲ್ಲ ಇಲ್ಲೇ ಹುಲ್ಲು ಮೇಯ್ಕೊಂಡಿವೆ. ನನ್ನ ಕುದುರೆ ನೋಡ್ರೋ, ವಿಜ್ಞಾನಿಗಳ ಬಾಯಲ್ಲಿದೆ" ಎಂದು ಸಿಕ್ಕವರಿಗೆಲ್ಲ ಹೇಳುತ್ತಾನೆ. ಅವನಿಗೆ ಏನು ಕೆಟ್ಟಿತೆಂದು ಗೊತ್ತಾಗಿಲ್ಲ.

ಜೂನ್‌ನಲ್ಲಿ ನೀನು ನಮ್ಮ ಕಣಿವೆಯ ಕುದುರೆ ತಳಿಯ ಸಂಶೋಧನೆಗೆಂದು ರಕ್ತ ಹಿಡಿಯುವ ಕೊಳವೆಗಳನ್ನೂ ಫಾರಂಗಳನ್ನೂ ಕೊಟ್ಟು, ಇಪ್ಪತ್ತು ಕುದುರೆ, ಇಪ್ಪತ್ತು ಬೇರೆ ಬೇರೆ ಮಾಲೀಕರು, ಅಷ್ಟು ನೋಡಿಕೊಂಡರೆ ಸಾಕು ಅಂದಿದ್ದೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳನ್ನು ಅಕ್ಕ ನಂಬಿದಳು ಎಂದು ಹಿಗ್ಗಿ, ಹೇಳಿದಷ್ಟನ್ನೇ ಮಾಡಿದೆ. ಹಾಲು ಕೊಡುವ ಕುದುರೆಗೆ ಸೂಜಿ ಚುಚ್ಚಿದರೆ ಹಾಲು ಹಿಂಗುತ್ತದೆ ಎಂದು ಯಾರೂ ಮುಟ್ಟಗೊಡಲಿಲ್ಲ. ಅದಕ್ಕೇ ಕಟ್ಟಿಹಾಕಿದ್ದ ಮರಿಗಳಿಂದ ರಕ್ತ ತೆಗೆದೆ. ಕಿವಿಯ ಗುರುತು ನೋಡಿ ಮಾಲೀಕರ ಹೆಸರು ಬರೆದೆ. ಮಾಲೀಕರು ಇಪ್ಪತ್ತು ಮಂದಿ, ಅದು ನಿಜ. ಆದರೆ ಪ್ರತಿ ಬೇಸಿಗೆಯಲ್ಲೂ ನೆರೆಯವರೆಲ್ಲ ತಮ್ಮ ಹೆಣ್ಣುಕುದುರೆಗಳನ್ನು ಒಂದೇ ಗಂಡುಕುದುರೆಯ ಹಿಂಡಿಗೆ ಬಿಡುವುದಿಲ್ಲವೇ? ನಮ್ಮಲ್ಲಿ ಅದು ಮಾವನ ಕಂದು ಕುದುರೆ. ಫಾರಂ ಮರಿಯ ಅಪ್ಪ ಯಾರೆಂದು ಕೇಳಲಿಲ್ಲ, ನಾನೂ ಬರೆಯಲಿಲ್ಲ. ಅದೇ ಹಿಂಡಿನ ನಡುವೆ ಬೆಳೆದ ನೀನೂ ಮರೆತಿದ್ದೆ.

ಬಿಷ್ಕೆಕ್‌ನ ವಿಚಾರ ಸಂಕಿರಣದ ದಿನ ಪರದೆಯ ಮೇಲೆ ಕುದುರೆಗೊಂದು ಚುಕ್ಕೆಯಂತೆ ಬೇರೆ ಕಣಿವೆಯವೆಲ್ಲ ಚೆಲ್ಲಿದ ಕಾಳಿನ ಹಾಗೆ ಹರಡಿದ್ದವು. ನಮ್ಮ ಇಪ್ಪತ್ತು ಚುಕ್ಕೆ ಮಾತ್ರ ಒಂದೇ ಗುಡ್ಡೆ. ಶತಮಾನಗಳಿಂದ ಹೊರಗಿನ ರಕ್ತ ಸೇರದ ಪ್ರಾಚೀನ ತಳಿ ಎಂದು ನೀನು ವಿವರಿಸಿದೆ. ಎಂಥ ಚಪ್ಪಾಳೆ! ಡಿಸೆಂಬರ್‌ನಲ್ಲಿ ಸಿಗಬೇಕಾದ ನಿನ್ನ ಡಾಕ್ಟರೇಟ್ ಇದರ ಮೇಲೇ ನಿಂತಿತ್ತು, ನನಗೆ ಗೊತ್ತಿತ್ತು. ಪ್ರಶ್ನೆಗಳಿವೆಯೇ ಎಂದರು. ಹಿಂದಿನ ಸಾಲಿನಿಂದ ನಾನು ಎದ್ದೆ.

"ಆ ಇಪ್ಪತ್ತೂ ಮರಿಗಳಿಗೆ ಅಪ್ಪ ಒಂದೇ. ನಮ್ಮ ಮಾವನ ಕಂದು ಕುದುರೆ. ರಕ್ತ ತೆಗೆದೋಳು ನಾನೇ."

ಅಲ್ಮಾಟಿಯಿಂದ ಬಂದಿದ್ದ ಬೊಕ್ಕತಲೆಯ ಪ್ರೊಫೆಸರ್ ಕನ್ನಡಕ ತೆಗೆದರು. "ಹಂಗಾದ್ರೆ ಪ್ರಬಂಧದಲ್ಲಿ ಆ ಕುದುರೆ ಹೆಸರೂ ಹಾಕಿಬಿಡಿ ಮೇಡಂ. ಎಲ್ಲಾ ಕೆಲಸ ಮಾಡಿರೋದು ಅದೇ."

ಸಭೆಗೆ ಸಭೆಯೇ ನಕ್ಕಿತು. ನೀನು ಲ್ಯಾಪ್‌ಟಾಪಿನ ವೈರು ಕಿತ್ತು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ಅದು ಈಗಲೂ ಕಣ್ಣ ಮುಂದೆ ಇದೆ.

ಅಂದಿನಿಂದ ಕುದುರೆಯ ಮೇಲೇ ಇದ್ದೇನೆ. ಬೇರೆ ಬೇರೆ ಗಂಡುಕುದುರೆಗಳ ಇಪ್ಪತ್ತು ಹಿಂಡು ಸುತ್ತಿ, ಒಂದೊಂದು ಹಿಂಡಿನಿಂದ ಒಂದೇ ಕುದುರೆಯ ರಕ್ತ ತೆಗೆದಿದ್ದೇನೆ. ಉಳಿದ ಫಾರಂಗಳ ಹಿಂಬದಿಯಲ್ಲಿ ಗೆರೆ ಎಳೆದು, ಅಪ್ಪ ಕುದುರೆ ಯಾರದೆಂದು ಬರೆದಿದ್ದೇನೆ. ಕೊಳವೆಗಳು ಈ ಕಾಗದದ ಜೊತೆ ಐಸ್ ಡಬ್ಬಿಯಲ್ಲಿವೆ. ಚುಕ್ಕೆಗಳು ಈ ಸಲ ಹೇಗೆ ಬೀಳುತ್ತವೋ ಗೊತ್ತಿಲ್ಲ. ಬೇಡವಾದರೆ ಚೆಲ್ಲಿಬಿಡು.

ಅಮ್ಮ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು ನಿನಗಾಗಿ ಬೇಡಿಕೊಂಡಳು. ನಿನ್ನ ದಾರಿ ತೆರೆಯಲಿ, ಕೈಗೆತ್ತಿಕೊಂಡ ಕೆಲಸ ಮುಗಿಯಲಿ ಎಂದಳು. ನನ್ನದೂ ಅದೇ ಹಾರೈಕೆ.

ನಿನ್ನ ತಂಗಿ,
ಕನಿಶಾಯ್

ತಾ.ಕ.: ನಿಜ ನನಗೆ ಸಭೆಯಲ್ಲೇ ಹೊಳೆಯಿತು ಎಂದು ಅಮ್ಮನಿಗೆ ಹೇಳಿದ್ದೇನೆ. ಅದು ಸುಳ್ಳು. ಚಹಾದ ವಿರಾಮದಲ್ಲಿ ಹೊರಗೆ ನೇತುಹಾಕಿದ್ದ ನಿನ್ನ ಭಿತ್ತಿಪತ್ರ ನೋಡುತ್ತಾ, ಪಕ್ಕದ ವಿದ್ಯಾರ್ಥಿಯನ್ನು ಚುಕ್ಕೆಗಳು ಯಾಕೆ ಅಂಟಿಕೊಂಡಿವೆ ಎಂದು ಕೇಳಿದೆ. ಹತ್ತಿರದ ರಕ್ತಸಂಬಂಧ ಅಂದ. ಅಲ್ಲೇ ಗೊತ್ತಾಯಿತು. ನಿನ್ನ ಕಿವಿಯಲ್ಲಿ ಹೇಳೋಣವೆಂದು ಓಡಿಬಂದೆ. ನೀನು ಅತಿಥಿಗಳ ಜೊತೆ ನಿಂತಿದ್ದೆ. ಯಾರೋ ಒಬ್ಬರು ನಾನು ಯಾರೆಂದು ಕೇಳಿದರು. "ಇವಳಾ? ನಮಗೆ ಕುದುರೆ ಹಿಡಿದುಕೊಡೋ ಹುಡುಗಿ" ಅಂತ ನೀನು ಅಂದೆ. ನಿನ್ನ ಭಾಷಣಕ್ಕೆ ಇನ್ನೂ ಅರ್ಧ ಗಂಟೆ ಇತ್ತು, ಅಕ್ಕಾ. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕಾದೆ. ಊರಲ್ಲಿ ಎಲ್ಲರೂ ನನ್ನನ್ನು ಸತ್ಯವಂತೆ ಅನ್ನುತ್ತಿದ್ದಾರೆ. ನೀನಾದರೂ ನಂಬಬೇಡ.