ಚಿತ್ರದಲ್ಲಿ ಕಾಣದ ಗೋಡೆ

ಗಿಲ್ಬರ್ಟ್ ದ್ವೀಪಗಳು, ಶನಿವಾರ

ಅಕ್ಕಾ,

ನೀನು ಸಮೋವಾದಿಂದ ಕಳಿಸಿದ ಅಲ್ಲಿನ ಇಗರ್ಜಿಯ ಚಿತ್ರ ನೋಡಿಕೊಂಡೇ ಇಲ್ಲಿ ಮಿಷನ್ನಿಗೆ ಹವಳದ ಕಲ್ಲಿನ ಇಗರ್ಜಿ ಕಟ್ಟಿದೆ. ಬೆಳಿಗ್ಗೆ ಕಮಾನಿನ ಕೆಳಗಿನ ಆಸರೆ ಮರಗಳನ್ನು ಅರ್ಧ ತೆಗೆದೆವು, ಗೋಡೆಗಳು ಹೊರಕ್ಕೆ ವಾಲಿದವು. ಗೋಡೆಯಿಲ್ಲದ ನಮ್ಮ ಮನೆಗಳನ್ನಷ್ಟೇ ಕಟ್ಟಿದವನು ನಾನು. ಕಮಾನು ಗೋಡೆಯನ್ನು ತಳ್ಳುತ್ತದೆಂದು ನನಗೇನು ಗೊತ್ತು? ಉಳಿದ ಮರ ಇರಲಿ ಎಂದರೆ ಊರ ಹಿರಿಯ ಟೆಬಾನೊ ನಕ್ಕರು: "ಎದೆ ಡವಡವ ಅಂತಿದ್ಯಾ ಮೇಸ್ತ್ರಿ? ಕೊನೇ ಮರ ಕೀಳುವಾಗ ಕಟ್ಟಿದೋನು ಹೆಂಡ್ತಿ ಸಮೇತ ಅಡೀಲಿ ಕೂತಿರ್ಬೇಕು. ಸಂಜೆ ಬಂದ್ಬಿಡು."

ಚಿತ್ರದಲ್ಲಿ ಇಗರ್ಜಿಯ ಮುಂಭಾಗವಷ್ಟೇ ಇತ್ತು; ಪಕ್ಕದ ಗೋಡೆಗಳಿಗೆ ಹೊರಗಿನಿಂದ ಏನಾದರೂ ಆಸರೆ ಕೊಟ್ಟಿದ್ದರೇ ಎಂದು ಅಲ್ಲಿನ ಪಾದ್ರಿಗಳನ್ನು ಕೇಳು. ಕೇಳಿ ತಾನೇ ಏನು, ಈ ಕಾಗದ ಒಯ್ಯುವ ದೋಣಿ ಈಗಷ್ಟೇ ಹೊರಡುತ್ತಿದೆ, ನಿನ್ನ ಉತ್ತರ ಬರುವ ಹೊತ್ತಿಗೆ ಈ ಸಂಜೆ ಎಂದೋ ಕಳೆದಿರುತ್ತದೆ. ನನ್ನವಳು ಆಗಲೇ ಕಮಾನಿನಡಿ ಚಾಪೆ ಹಾಸಿಕೊಂಡು ಹಾಡು ಹೇಳಿಕೊಳ್ಳುತ್ತಿದ್ದಾಳೆ.

ನಿನ್ನ ತಮ್ಮ,
ಇಯೊಸೆಫೊ